ಗಿಡ ಬೆಳೆಸುವ ಎರಡಡಿ ಮೀನಿನ ಟ್ಯಾಂಕಿಗೆ ಆಕ್ವಾ ಸಾಯಿಲೇ ಬೇಕಾ? ತೋಟದ ಮಣ್ಣು ಸಾಲದಾ?

ಸಾಲುತ್ತದೆ. ಆಕ್ವಾ ಸಾಯಿಲ್ (ನೀರೊಳಗಿನ ಗಿಡಗಳಿಗೆಂದೇ ಅಂಗಡಿಯಲ್ಲಿ ಸಿಗುವ ಮಣ್ಣಿನ ಕಾಳು) ಬೆಲೆ ಕೇಳಿ ತಲೆ ತಿರುಗಿತು, ಮನೆ ಹಿಂದಿನ ಕೆಂಪು ಮಣ್ಣಿಗೆ ಅರ್ಧದಷ್ಟು ಎರೆಗೊಬ್ಬರ ಬೆರೆಸಿ ಹಾಕಿದರೆ ಆಗುತ್ತಾ ಅಂತ ಕೇಳಿದ್ದೀರಲ್ಲ, ಮಣ್ಣು ಸರಿ, ಆ "ಅರ್ಧದಷ್ಟು" ಮಾತ್ರ ಬೇಡ.

ಮೊದಲು ಯಾವ ಗಿಡ ಹಾಕುತ್ತೀರಿ ನೋಡಿ. ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್ ಇವೆಲ್ಲ ಕಲ್ಲಿಗೋ ಮರದ ತುಂಡಿಗೋ ಕಟ್ಟುವ ಗಿಡಗಳು, ನೀರಿನಿಂದಲೇ ಉಣ್ಣುತ್ತವೆ. ಅನುಬಿಯಾಸ್‌ನ ದಪ್ಪ ಕಾಂಡವನ್ನು ಹೂತರೆ ಕೊಳೆಯುತ್ತದೆ ಕೂಡ. ಅಷ್ಟೇ ಗಿಡ ಆದರೆ ಬರೀ ಮರಳು ಹಾಕಿ ಸುಮ್ನಿರಿ. ಕ್ರಿಪ್ಟೋಕೊರೈನ್, ಅಮೆಜಾನ್ ಸೋರ್ಡ್, ವ್ಯಾಲಿಸ್ನೇರಿಯಾ, ನಮ್ಮ ಘಟ್ಟದ ಹಳ್ಳಗಳದ್ದೇ ಆದ ಲ್ಯಾಗೆನಾಂಡ್ರಾ, ಇವಕ್ಕೆ ಬೇರಿನ ಹತ್ತಿರ ಊಟ ಬೇಕು.

ಇನ್ನು ಲೆಕ್ಕ. ನಿಮ್ಮ ಟ್ಯಾಂಕಿನ ತಳ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಎರಡು ಸೆಂ.ಮೀ. ಮಣ್ಣು ಅಂದರೆ ಮೂರೂವರೆ ಲೀಟರ್ ಚಿಲ್ಲರೆ. ಅರ್ಧ ಬಕೆಟ್ ಕೂಡ ಇಲ್ಲ! ಅದರಲ್ಲಿ ಎರೆಗೊಬ್ಬರ ಹತ್ತನೇ ಒಂದು ಪಾಲು, ಎರಡು ಲೋಟಕ್ಕಿಂತ ಕಡಿಮೆ. ಅದೂ ಮಣ್ಣು ತೀರಾ ಬಡವಾಗಿದ್ದರೆ ಮಾತ್ರ. ನಾನು ಮೊದಲ ಸಲ ಅರ್ಧಕ್ಕರ್ಧ ಬೆರೆಸಿದ್ದೆ, ಗಿಡ ಚೆನ್ನಾಗಿ ಬರಲಿ ಅನ್ನುವ ಆಸೆ. ಐದನೇ ದಿನಕ್ಕೆ ನೀರು ಚಹಾ ಬಣ್ಣ, ಗಾಜಿಗೆಲ್ಲ ಹಸಿರು ಪಾಚಿ, ಆತುರಕ್ಕೆ ಬಿಟ್ಟ ಆರು ಗಪ್ಪಿಗಳಲ್ಲಿ ಒಂದೂ ಉಳಿಯಲಿಲ್ಲ. ಗೊಬ್ಬರ ಕೊಳೆತು ಹುಟ್ಟಿದ ಅಮೋನಿಯಾ, ಮೀನಿಗೆ ಅದು ವಿಷ. ಪೂರ್ತಿ ನನ್ನದೇ ತಪ್ಪು.

ಮಣ್ಣನ್ನು ಔಷಧಿ ಹೊಡೆದ ಜಾಗದಿಂದ, ರಸ್ತೆ ಬದಿಯಿಂದ ತರಬೇಡಿ. ಊರ ಕಡೆಯ ಕೆರೆ ಹೂಳು ಚೆನ್ನಾಗಿರುತ್ತದೆ, ಆದರೆ ಜಿಗಣೆ, ಬಸವನಹುಳು ಜೊತೆಗೆ ಬರಬಹುದು, ಪೂರ್ತಿ ಒಣಗಿಸಲೇಬೇಕು. ಸಿಟಿ ಕೆರೆಯದಂತೂ ಮುಟ್ಟಬೇಡಿ. ಕೆಂಪು ಮಣ್ಣಿನಲ್ಲಿ ಕಬ್ಬಿಣ ಇದೆ, ಅದು ಗಿಡಕ್ಕೆ ಒಳ್ಳೆಯದೇ, ಆದರೆ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಧಾರವಾಡ, ಗದಗ ಕಡೆಯ ಎರೆ (ಕಪ್ಪು) ಮಣ್ಣು ಆ ವಿಷಯದಲ್ಲಿ ಗಟ್ಟಿ, ಆದರೆ ಒಂದೇ ಹಾಕಿದರೆ ರಾಡಿಯಾಗುತ್ತದೆ. ಸಿಕ್ಕಿದರೆ ಕೆಂಪಿಗೆ ಒಂದು ಹಿಡಿ ಬೆರೆಸಿ. ಕೋಕೋಪೀಟ್ ಬೇಡ, ತೇಲುತ್ತದೆ, ಅದರಲ್ಲಿ ಹೆಚ್ಚೇನೂ ಸತ್ವವೂ ಇಲ್ಲ.

ಜರಡಿ ಹಿಡಿದು ಬೇರು, ಕಡ್ಡಿ, ಕಲ್ಲು ತೆಗೆಯಿರಿ. ಆಮೇಲೆ ಬಕೆಟ್ಟಿನಲ್ಲಿ ನೀರು ಹಾಕಿ ನೆನೆಸಿ, ತೇಲಿದ್ದನ್ನು ಚೆಲ್ಲಿ, ಬಿಸಿಲಿಗೆ ಹರವಿ ಒಣಗಿಸಿ. ಹೀಗೆ ಮೂರು ನಾಲ್ಕು ಸಲ. ಬೇಸರದ ಕೆಲಸ, ಮನೆಯವರ ಮಾತೂ ಕೇಳಬೇಕಾಗುತ್ತದೆ, ಆದರೆ ಕೊಳೆಯುವುದೆಲ್ಲ ಟ್ಯಾಂಕಿನ ಹೊರಗೇ ಕೊಳೆತು ಮುಗಿಯುತ್ತದೆ, ಅಮೋನಿಯಾ ಕಾಟ ಅಷ್ಟರಮಟ್ಟಿಗೆ ಕಡಿಮೆ.

ಮಣ್ಣಿನ ಮೇಲೆ ಮೂರು ಸೆಂ.ಮೀ. ಮರಳು ಮುಚ್ಚಿ, ಎಂಟೊಂಬತ್ತು ಕೆಜಿ ಬೇಕಾಗುತ್ತದೆ. ಒಂದೆರಡು ಮಿ.ಮೀ. ಕಾಳಿನದ್ದು. ತೀರಾ ನುಣುಪಾದರೆ ಗಟ್ಟಿ ಕೂರುತ್ತದೆ, ತೀರಾ ದಪ್ಪವಾದರೆ ಸಂದಿಯಿಂದ ಮಣ್ಣು ಮೇಲೆ ಬರುತ್ತದೆ. ಎಂ ಸ್ಯಾಂಡ್ ಆಗುತ್ತದೆ, ಪುಡಿ ಹೋಗುವವರೆಗೆ ಚೆನ್ನಾಗಿ ತೊಳೆಯಿರಿ. ಆದರೆ ಅಂಚು ಚೂಪು, ಕೋರಿಡೋರಾಸ್‌ನಂಥ ತಳ ಕೆದಕುವ ಮೀನು ಸಾಕುವವರಿಗೆ ಬೇಡ. ಯಾವ ಮರಳೇ ಆಗಲಿ, ಒಂದು ಚಮಚಕ್ಕೆ ವಿನೆಗರ್ ಹಾಕಿ ನೋಡಿ. ಗುಳ್ಳೆ ಎದ್ದರೆ ಚಿಪ್ಪು, ಸುಣ್ಣ ಇದೆ ಅಂತ ಅರ್ಥ, ನೀರು ಗಡಸಾಗುತ್ತದೆ.

ಬೋರ್‌ವೆಲ್ ನೀರು ಅಂದಿದ್ದೀರಿ, ಅದು ಸಾಮಾನ್ಯವಾಗಿ ಗಡಸು. ಆಕ್ವಾ ಸಾಯಿಲಿಗೆ ದುಡ್ಡು ಕೊಡುವುದರಲ್ಲಿ ಒಂದು ಪಾಲು ಅದು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಇಳಿಸುತ್ತದೆ ಅಂತ. ಗಡಸು ನೀರಿನಲ್ಲಿ ಆ ಶಕ್ತಿ ಬೇಗ ಖಾಲಿಯಾಗುತ್ತದೆ. ನಿಮ್ಮ ಮಟ್ಟಿಗೆ ಅದು ದಂಡ ಅಲ್ವಾ?

ನೀರು ತುಂಬುವಾಗ ಮರಳಿನ ಮೇಲೆ ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ಸುರಿಯಿರಿ. ಮೊದಲ ದಿನವೇ ಜಾಸ್ತಿ ಗಿಡ ನೆಡಿ, ಲೈಟ್ ಆರೇಳು ಗಂಟೆ ಸಾಕು. ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿ, ಆಮೇಲೆ ವಾರಕ್ಕೆರಡು ಸಲ. ಮೀನು ಬಿಡುವುದು ಒಂದು ತಿಂಗಳ ಮೇಲೆ, ಅದೂ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಲೇ ಆಗುವ ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ. ಉಳಿಸಿದ ದುಡ್ಡಿನಲ್ಲಿ ಆ ಕಿಟ್ ತಗೊಳ್ಳಿ.

ನೆಟ್ಟ ಗಿಡ ಕಿತ್ತು ಜಾಗ ಬದಲಿಸುವ ಚಟ ಇದ್ದರೆ ಮಾತ್ರ ಮಣ್ಣಿನ ಸಹವಾಸ ಬೇಡ, ಒಂದು ಸೋರ್ಡ್ ಕಿತ್ತರೆ ಟ್ಯಾಂಕೆಲ್ಲ ಕೆಸರು. ಅಂಥವರು ಬರೀ ಮರಳು ಹಾಕಿ, ಎರಡು ಮೂರು ತಿಂಗಳಿಗೊಮ್ಮೆ ಬೇರಿನ ಪಕ್ಕ ರೂಟ್ ಟ್ಯಾಬ್ (ಗೊಬ್ಬರದ ಗುಳಿಗೆ) ಹೂತರೆ ನಡೆಯುತ್ತದೆ.