ಚಪ್ಪಾಳೆ ಬೀಳುತ್ತದೆ, ನಗು ಬರುವುದಿಲ್ಲ

ಪ್ರಶ್ನೆ: ಅಧಿಕಾರದಲ್ಲಿರುವವರನ್ನು ಟೀಕಿಸುವ ಐದು ನಿಮಿಷದ ಸ್ಟ್ಯಾಂಡ್-ಅಪ್ ಬರೆದಿದ್ದೇನೆ. ಜನ ಚಪ್ಪಾಳೆ ತಟ್ಟುತ್ತಾರೆ, ನಗುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಚಪ್ಪಾಳೆ ಬಂತೆಂದರೆ ನೀವು ಅವರಿಗೆ ಗೊತ್ತಿದ್ದನ್ನೇ ಹೇಳಿದ್ದೀರಿ ಎಂದರ್ಥ. ಅದು ಭಾಷಣ. ನಿಮ್ಮ ಮಾತನ್ನು ಒಪ್ಪದವನನ್ನೂ ನಗಿಸಿದಾಗಲೇ ಹಾಸ್ಯ ಪ್ರತಿರೋಧವಾಗುತ್ತದೆ.

‘ರಸ್ತೆ ಹಾಳಾಗಿದೆ, ಮಂತ್ರಿಗೆ ನಾಚಿಕೆಯಿಲ್ಲ’ ಎಂದರೆ ದೂರು. ಹೀಗೆ ಹೇಳಿ ನೋಡಿ: ‘ಮಂತ್ರಿಗಳು ಬರುವ ಹಿಂದಿನ ರಾತ್ರಿ ಅವರು ಹಾದುಹೋಗುವ ಬೀದಿಗೆ ಮಾತ್ರ ಡಾಂಬರು ಬಿತ್ತು. ನಮ್ಮ ಬೀದಿಯವರ ಬೇಡಿಕೆ ಒಂದೇ, ಮುಂದಿನ ಸಲ ಅವರು ದಾರಿ ತಪ್ಪಲಿ.’ ಬೈಗುಳವೇ ಇಲ್ಲ, ಪೆಟ್ಟು ಮಾತ್ರ ಸರಿಯಾದ ಕಡೆ ಬಿದ್ದಿದೆ. ತಿರುವು ಕೊನೆಯ ಪದದಲ್ಲಿರಲಿ. ಆಮೇಲೆ ಒಂದಕ್ಷರವೂ ಬೇಡ, ವಿವರಣೆಯಂತೂ ಬೇಡವೇ ಬೇಡ. ಪೀಠಿಕೆ ಮೂರು ವಾಕ್ಯ ದಾಟಿದರೆ ಕತ್ತರಿಸಿ. ನಗೆಗೀಡಾಗುವವರು ಗುಂಡಿಗೆ ಬಿದ್ದವರಲ್ಲ, ಗುಂಡಿ ಬಿಟ್ಟವರು. ಇದನ್ನು ಪ್ರತಿ ಸಾಲಿಗೂ ಕೇಳಿಕೊಳ್ಳಿ.

ಪ್ರತಿ ಪ್ರದರ್ಶನವನ್ನೂ ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಮಾಡಿ, ದಿನಾಂಕ ಹಾಕಿ ಇಡಿ. ನಗು ಎಲ್ಲಿ ನಿಂತಿತೆಂದು ತಿಳಿಯಲು ಬೇಕು, ಆತ್ಮರಕ್ಷಣೆಗೂ ಬೇಕು. ಯಾರೋ ಕತ್ತರಿಸಿ ಹಂಚಿದ ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಪೀಠಿಕೆ ಹೋಗಿ ಬರೀ ಪೆಟ್ಟು ಉಳಿಯುತ್ತದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಸ್ಟ್ಯಾಂಡ್-ಅಪ್ ಹಾಸ್ಯಗಾರ ಲೆನ್ನಿ ಬ್ರೂಸ್ ವಿರುದ್ಧ ಅಶ್ಲೀಲತೆಯ ವಿಚಾರಣೆ ನಡೆದಾಗ, ಪರವಾನಗಿ ಇಲಾಖೆಯ ಅಧಿಕಾರಿಯೊಬ್ಬರು ತಮ್ಮ ಟಿಪ್ಪಣಿ ನೋಡಿಕೊಂಡು ಬ್ರೂಸ್ ವೇದಿಕೆಯಲ್ಲಿ ಆಡಿದ ಮಾತುಗಳನ್ನು ನ್ಯಾಯಾಲಯದಲ್ಲಿ ಒಪ್ಪಿಸಿದರು. ತನ್ನ ಹಾಸ್ಯವನ್ನು ಇನ್ನೊಬ್ಬರು ಕೆಡಿಸಿ ಹೇಳಿದ್ದಕ್ಕೆ ತನಗೆ ಶಿಕ್ಷೆ ಎಂಬ ಬ್ರೂಸ್ ಸಂಕಟ ನ್ಯಾಯವಾದದ್ದೇ. ಅವರು 1966ರಲ್ಲಿ ತೀರಿಕೊಂಡರು. ಕ್ಷಮಾದಾನ ಸಿಕ್ಕಿದ್ದು 2003ರಲ್ಲಿ.