ಪರಿಚಯದವರ ವೆಬ್‌ಸೈಟ್ ಆದರೂ ಲೆಕ್ಕ ನೋಡಿಯೇ ಕೊಳ್ಳಿ

ಪ್ರಶ್ನೆ: ನಮಸ್ಕಾರ ಸರ್. ಗಲ್ಫ್ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಭಾವನ ಪರಿಚಯದವರೊಬ್ಬರು ಒಂದು ವೆಬ್‌ಸೈಟ್ ಮಾರುತ್ತಿದ್ದಾರೆ. ನಮ್ಮ ಕಡೆಯ ಅಡುಗೆಗಳನ್ನು ಇಂಗ್ಲಿಷಿನಲ್ಲಿ ಬರೆದ ಸೈಟ್ ಅದು. ಗೂಗಲ್ ಆಡ್‌ಸೆನ್ಸ್ ಜಾಹೀರಾತಿನಿಂದ ತಿಂಗಳಿಗೆ 18,000 ರೂಪಾಯಿ ಬರುತ್ತದಂತೆ. 4.5 ಲಕ್ಷ ಕೇಳುತ್ತಿದ್ದಾರೆ. ಆದಾಯದ ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. 25 ತಿಂಗಳಲ್ಲಿ ಹಾಕಿದ ಹಣ ವಾಪಸ್ ಬರುತ್ತದೆ ಅಲ್ವಾ? ಕೊಳ್ಳಬಹುದೇ?
– ಓದುಗರು, ಪೆರ್ಲ

ಉತ್ತರ: ಈಗಲೇ ಅಡ್ವಾನ್ಸ್ ಕೊಡಬೇಡಿ. ಮೊದಲು ಒಂದು ಮಾತು ಕೇಳಿ: ಆ 18,000 ಗೂಗಲ್ ಕೊಡುವ ಮೊತ್ತವೋ, ಖರ್ಚು ಕಳೆದು ಕೈಯಲ್ಲಿ ಉಳಿಯುವ ಹಣವೋ? ಹೋಸ್ಟಿಂಗ್ (ಸೈಟ್ ಇಡುವ ಸರ್ವರಿನ ಬಾಡಿಗೆ), ಡೊಮೇನ್ (ಸೈಟಿನ ವಿಳಾಸದ ಹೆಸರು) ಇತ್ಯಾದಿಗೆ ತಿಂಗಳಿಗೆ 1,500, ಹೊಸ ಲೇಖನ ಬರೆಸಲು 4,000 ಅಂತ ಇಟ್ಟುಕೊಳ್ಳಿ. ಉಳಿಯುವುದು 12,500. ಆಗ ನಿಮ್ಮ 25 ತಿಂಗಳು 36 ಆಯಿತು. ಇದರಲ್ಲಿ ನಿಮ್ಮ ದುಡಿಮೆಯ ಲೆಕ್ಕ ಇನ್ನೂ ಸೇರಿಲ್ಲ.

ಸ್ಕ್ರೀನ್‌ಶಾಟನ್ನು ನಂಬಬೇಡಿ. ಬ್ರೌಸರಿನಲ್ಲೇ ಯಾವ ಅಂಕಿಯನ್ನೂ ಒಂದು ನಿಮಿಷದಲ್ಲಿ ಬದಲಿಸಿ ಫೋಟೋ ತೆಗೆಯಬಹುದು. ಸೈಟಿಗೆ ಬರುವವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಮತ್ತು ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಜಿಮೇಲ್ ಸೇರಿಸಿ, ನೋಡುವ ಅನುಮತಿ ಮಾತ್ರ ಕೊಡಲು ಹೇಳಿ. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ, ಅವರಿಗೆ ಯಾವ ನಷ್ಟವೂ ಇಲ್ಲ. ಆಡ್‌ಸೆನ್ಸ್ ಖಾತೆಯನ್ನು ಅವರೇ ತೆರೆದು, ನೀವು ಪಕ್ಕದಲ್ಲಿ ಕೂತಿರುವಾಗ ತೋರಿಸಲಿ. ಜೊತೆಗೆ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ. ಬಾಕಿ 100 ಡಾಲರ್ ದಾಟಿದರೆ ಆಡ್‌ಸೆನ್ಸ್ ಸಾಮಾನ್ಯವಾಗಿ ಮುಂದಿನ ತಿಂಗಳ 21ರಿಂದ 26ರ ನಡುವೆ ಹಣ ಕಳಿಸುತ್ತದೆ. 18,000 ರೂಪಾಯಿ 100 ಡಾಲರಿಗಿಂತ ಎಷ್ಟೋ ಜಾಸ್ತಿ. ಹಾಗಾಗಿ ಪ್ರತಿ ತಿಂಗಳೂ ಜಮೆ ಕಾಣಲೇಬೇಕು. ನಡುವೆ ತಿಂಗಳು ತಪ್ಪಿದ್ದರೆ ಯಾಕೆ ಅಂತ ಕೇಳಿ.

ಭಾವನ ಪರಿಚಯದವರನ್ನು ಹೀಗೆಲ್ಲಾ ಕೇಳುವುದು ಹೇಗೆ ಅಂತ ಸಂಕೋಚ ಆಗುತ್ತದೆ, ಗೊತ್ತು. ನಮ್ಮ ಕಡೆ ಹೆಚ್ಚು ಹಣ ಹೋಗುವುದೇ ಈ ಸಂಕೋಚದಿಂದ. ಸ್ವಂತ ತಮ್ಮನ ಜಾಗ ಕೊಳ್ಳುವಾಗಲೂ ದಾಖಲೆ ನೋಡುತ್ತೇವಲ್ಲ, ಇದೂ ಹಾಗೆಯೇ. ನೋಡುವ ಅನುಮತಿಗೂ ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ.

ಅನುಮತಿ ಸಿಕ್ಕಿತು ಅನ್ನಿ. ಆಗ ಹೆಚ್ಚು ಹೊತ್ತು ಕೊಡಬೇಕಾದದ್ದು ಆದಾಯಕ್ಕಲ್ಲ, ಜನ ಎಲ್ಲಿಂದ ಬರುತ್ತಾರೆ ಅನ್ನುವುದಕ್ಕೆ. ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ಲೆಕ್ಕ ಇರುತ್ತದೆ. ಕಳೆದ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ. ಹಬ್ಬದ ಸೀಸನ್ನಿನಲ್ಲಿ ಜಾಹೀರಾತಿನ ದರ ಏರುತ್ತದೆ, ಜನವರಿಯಲ್ಲಿ ಇಳಿಯುತ್ತದೆ. ದೀಪಾವಳಿ ತಿಂಗಳ ಅಂಕಿ ತೋರಿಸಿ ಬೆಲೆ ಹೇಳುವವರಿದ್ದಾರೆ. ಪುಟವಾರು ಲೆಕ್ಕವನ್ನೂ ನೋಡಿ. ಇಡೀ ಸೈಟಿಗೆ ಬರುವ ಜನರಲ್ಲಿ ಅರ್ಧದಷ್ಟು ಪತ್ರೊಡೆಯ ಒಂದೇ ಪುಟಕ್ಕೆ ಬರುತ್ತಿದ್ದರೆ, ನೀವು 4.5 ಲಕ್ಷ ಕೊಡುತ್ತಿರುವುದು ಹೆಚ್ಚಾಗಿ ಆ ಪುಟಕ್ಕೆ. ಗೂಗಲ್ ಅದನ್ನು ಕೆಳಗೆ ತಳ್ಳಿದ ದಿನ ಆದಾಯವೂ ಬೀಳುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2024ರ ಮಾರ್ಚ್‌ನಲ್ಲಿ ಗೂಗಲ್ ಹುಡುಕಾಟದ ಕ್ರಮವನ್ನು ದೊಡ್ಡದಾಗಿ ಬದಲಿಸಿದಾಗ ಎಷ್ಟೋ ಸಣ್ಣ ಸೈಟುಗಳು ನೆಲ ಕಚ್ಚಿದವು. ಅದೇ ವರ್ಷ ಆಗಸ್ಟ್‌ನಿಂದ ಭಾರತದಲ್ಲೂ ಹುಡುಕಿದ ಕೂಡಲೇ ಮೇಲೆ ಎಐ ಬರೆದ ಉತ್ತರ ಬರತೊಡಗಿತು. ಉತ್ತರ ಅಲ್ಲೇ ಸಿಕ್ಕಿದರೆ ಸೈಟಿನ ಒಳಗೆ ಬರುವವರು ಕಡಿಮೆ. ಅನಲಿಟಿಕ್ಸ್‌ನಲ್ಲಿ ಈ ಎರಡು ತಿಂಗಳ ಹಿಂದುಮುಂದು ಏನಾಗಿದೆ ಅಂತ ನೋಡಿ.

ಜನ ಫೇಸ್‌ಬುಕ್‌ನಿಂದ ಬರುತ್ತಿದ್ದರೆ ಆ ಪೇಜೂ ಮಾರಾಟದಲ್ಲಿ ಸೇರಿದೆಯೇ ಕೇಳಿ. ಅಮೆರಿಕ, ಗಲ್ಫ್ ಓದುಗರಿಂದ ಸಿಗುವ ಜಾಹೀರಾತು ಹಣ ಭಾರತದ ಓದುಗರಿಂದ ಸಿಗುವುದಕ್ಕಿಂತ ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ದೇಶವಾರು ಲೆಕ್ಕವೂ ಬೇಕು. ಎರಡು ಮೂರು ತಿಂಗಳ ಹಿಂದೆ ಏಕಾಏಕಿ ಜನ ಹೆಚ್ಚಾಗಿ, ಯಾರೂ ಎರಡು ಸೆಕೆಂಡು ನಿಲ್ಲದೆ ಹೋಗಿದ್ದರೆ ಅದು ದುಡ್ಡು ಕೊಟ್ಟು ತರಿಸಿದ ಗುಂಪು ಇರಬಹುದು.

ಹಳೆಯ ಚರಿತ್ರೆಗೆ, ಸೈಟುಗಳ ಹಿಂದಿನ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮೆಷೀನ್ ಇದೆ, ಖರ್ಚಿಲ್ಲ. ಅಲ್ಲಿ ಡೊಮೇನ್ ಹೆಸರು ಹಾಕಿದರೆ ಹಿಂದೆ ಅದರಲ್ಲಿ ಜೂಜಿನ ಸೈಟ್ ಇತ್ತೇ ಗೊತ್ತಾಗಬಹುದು. ಗೂಗಲ್ ದಂಡನೆ ಹಾಕಿದ್ದರೆ ಸರ್ಚ್ ಕನ್ಸೋಲ್‌ನ 'ಮ್ಯಾನುವಲ್ ಆಕ್ಷನ್ಸ್' ಪುಟದಲ್ಲಿ ಕಾಣುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಕೇಳುವುದೇ ಇಲ್ಲ. ಲೇಖನ, ಫೋಟೋಗಳ ಹಕ್ಕು ಯಾರದು? 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ ಅಂತ ಲೆಕ್ಕ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇಂಗ್ಲಿಷ್ ಸೈಟಿಗೆ ಅದು ಸಾಲದು. ಕರಾರಿನಲ್ಲಿ 'ಪೂರ್ಣ ಅವಧಿಗೆ, ಜಗತ್ತಿನಾದ್ಯಂತ' ಅಂತ ಬರೆಸಿ. ಬೇರೆಯವರಿಂದ ಬರೆಸಿದ ಲೇಖನಗಳಿದ್ದರೆ ಅವರು ಹಕ್ಕು ಬಿಟ್ಟುಕೊಟ್ಟ ಪತ್ರವೂ ಬೇಕು.

ಅವರ ಆಡ್‌ಸೆನ್ಸ್ ಖಾತೆ ನಿಮಗೆ ಬರುವುದಿಲ್ಲ. ನಿಮ್ಮ ಹೆಸರಿನಲ್ಲಿ ಖಾತೆ ಮಾಡಿ, ಸೈಟ್ ಸೇರಿಸಿ, ಒಪ್ಪಿಗೆ ಪಡೆಯಬೇಕು. ಅದುವರೆಗೆ ಆದಾಯ ಇಲ್ಲ.

ನಾನಾದರೆ ಎಲ್ಲ ಸರಿ ಇದ್ದರೂ, ಉಳಿಯುವ ಹಣ 12,500 ಅಂತಾದರೆ 24 ತಿಂಗಳ ಲೆಕ್ಕದಲ್ಲಿ 3 ಲಕ್ಷದಿಂದ ಮಾತು ಶುರು ಮಾಡುತ್ತೇನೆ. ಬರುವ ಜನ ಇಳಿಮುಖವಾಗಿದ್ದರೆ ಆ ಬೆಲೆಗೂ ಬೇಡ. ಮನೆಯಲ್ಲಿ ಅಡುಗೆ ಮಾಡಿ, ಫೋಟೋ ತೆಗೆದು, ಬರೆಯುವ ಆಸಕ್ತಿ ಇರುವವರು ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ಬ್ಯಾಂಕ್ ಡಿಪಾಸಿಟ್ಟೇ ನಿಮಗೆ ವಾಸಿ.

ಪ್ರಶ್ನೆ: ವೆಬ್‌ಸೈಟ್ ಕೊಳ್ಳುವಾಗ ಮೊದಲು ಹಣವೋ, ಸೈಟೋ?
– ಓದುಗರು, ಮಂಜೇಶ್ವರ

ಉತ್ತರ: ಎರಡೂ ಒಟ್ಟಿಗೆ ನಡೆಯಬೇಕು. ಅದಕ್ಕೇ ಎಸ್ಕ್ರೋ ಸೇವೆ ಇರುವುದು. ನಿಮ್ಮ ಹಣವನ್ನು ಮೂರನೆಯವರು ಹಿಡಿದಿಟ್ಟು, ಸೈಟ್ ಕೈಸೇರಿದ ಮೇಲೆ ಮಾರಿದವರಿಗೆ ಕೊಡುತ್ತಾರೆ. ಊರಿನವರೊಳಗಿನ ಸಣ್ಣ ವ್ಯವಹಾರವಾದರೆ ಕಂತು ಮಾಡಿ: ಡೊಮೇನ್ ನಿಮ್ಮ ಖಾತೆಗೆ ಬಂದ ದಿನ ಅರ್ಧ, ಸೈಟ್ ನಿಮ್ಮ ಹೋಸ್ಟಿಂಗ್‌ನಲ್ಲಿ ಸರಿಯಾಗಿ ತೆರೆದ ಮೇಲೆ ಉಳಿದದ್ದು. ಡಾಟ್ ಕಾಮ್ ಹೆಸರನ್ನು ಡೊಮೇನ್ ನೋಂದಾಯಿಸುವ ಬೇರೆ ಕಂಪನಿಗೆ ಸಾಗಿಸಲು ಮಾರುವವರಿಂದ ಆಥ್ ಕೋಡ್ (ವರ್ಗಾವಣೆಯ ಗುಪ್ತ ಸಂಕೇತ) ಬೇಕು. ಇಬ್ಬರ ಖಾತೆಯೂ ಒಂದೇ ಕಂಪನಿಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಹೆಸರು ಬಂದ ಕೂಡಲೇ ಇಮೇಲ್, ಫೋನ್ ನಂಬರ್ ನಿಮ್ಮದಾಗಿದೆಯೇ ನೋಡಿ, ಎಲ್ಲ ಪಾಸ್‌ವರ್ಡ್ ಬದಲಿಸಿ, ಸೈಟಿನ ಅಡ್ಮಿನ್ ಪಟ್ಟಿಯಿಂದ ಹಳೆಯ ಹೆಸರುಗಳನ್ನು ತೆಗೆದುಹಾಕಿ.