ಟೆಂಪ್ಲೇಟ್ ಬೇಕೋ, ಪ್ರಿಸೆಟ್ ಸಾಕೋ?

ಮೋಷನ್ ಗ್ರಾಫಿಕ್ಸ್ (ಅಕ್ಷರ, ಚಿತ್ರಗಳಿಗೆ ಚಲನೆ ಕೊಡುವ ಕಲೆ) ಕಲಿಯುವಾಗ ಟೆಂಪ್ಲೇಟ್ ಮತ್ತು ಪ್ರಿಸೆಟ್‌ಗಳಲ್ಲಿ ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ. ಕಲಿಯುವುದೇ ಉದ್ದೇಶವಾದರೆ ಪ್ರಿಸೆಟ್ ಎನ್ನುತ್ತೇನೆ.

ಟೆಂಪ್ಲೇಟ್ ಎಂದರೆ ಕಟ್ಟಿ ಮುಗಿಸಿದ ಇಡೀ ವಿನ್ಯಾಸ. ಚಲನೆ ರೂಪಿಸುವ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್‌ನಲ್ಲಿ ತಯಾರಾದ ಟೆಂಪ್ಲೇಟನ್ನು ವಿಡಿಯೊ ಸಂಕಲನದ ತಂತ್ರಾಂಶವಾದ ಪ್ರೀಮಿಯರ್ ಪ್ರೊದಲ್ಲಿ ಬಳಸುವಾಗ, ತಯಾರಿಸಿದವರು ತೆರೆದಿಟ್ಟ ಅಂಶಗಳನ್ನಷ್ಟೇ ಬದಲಿಸಬಹುದು: ಪಠ್ಯ, ಬಣ್ಣ, ಗಾತ್ರ ಹೀಗೆ. ಸರಣಿಯ 20 ಕಂತುಗಳಲ್ಲೂ ಪರದೆಯ ಮೇಲೆ ಹೆಸರು ತೋರಿಸುವ ಪಟ್ಟಿ ಒಂದೇ ತೆರನಾಗಿ ಇರಬೇಕು, ಸಂಕಲನಕಾರರು ಹಲವರು ಎಂದಾದರೆ ಈ ಕಟ್ಟುಪಾಡೇ ವರ. ಅಲ್ಲಿ ಬೇರೆ ಯೋಚನೆಯೇ ಬೇಡ.

ಪ್ರಿಸೆಟ್ ಹಾಗಲ್ಲ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅದು ನಿಮ್ಮದೇ ಲೇಯರ್‌ಗೆ (ವಿನ್ಯಾಸದ ಒಂದು ಪದರಕ್ಕೆ) ಎಫೆಕ್ಟ್, ಕೀಫ್ರೇಮ್ (ಯಾವ ಕ್ಷಣದಲ್ಲಿ ಯಾವ ಸ್ಥಿತಿ ಎಂಬ ಗುರುತು), ಎಕ್ಸ್‌ಪ್ರೆಶನ್‌ಗಳನ್ನು (ಚಲನೆ ನಿಯಂತ್ರಿಸುವ ಪುಟ್ಟ ಕೋಡ್) ತಂದು ಸೇರಿಸುತ್ತದೆ. ವಿನ್ಯಾಸ ನಿಮ್ಮದಾಗಿಯೇ ಉಳಿಯುತ್ತದೆ. ಪ್ರಿಸೆಟ್ ಹಾಕಿದ ಮೇಲೆ ಲೇಯರ್ ಆಯ್ದು ‘ಯು’ ಕೀಲಿ ಒತ್ತಿ: ಕೀಫ್ರೇಮ್‌ಗಳೆಲ್ಲ ಕಣ್ಣೆದುರು ತೆರೆದುಕೊಳ್ಳುತ್ತವೆ. ಅವುಗಳ ಅಂತರವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿ. ಚಲನೆಯ ಲಯ ಕೈಗೆ ಹತ್ತುವುದು ಹೀಗೆಯೇ.

ಎರಡು ಎಚ್ಚರಿಕೆ: ಕೀಫ್ರೇಮ್‌ಗಳು ಟೈಮ್‌ಲೈನ್ ಸೂಚಕ ನಿಂತ ಜಾಗದಿಂದ ಶುರುವಾಗುತ್ತವೆ, ಮೊದಲು ಅದನ್ನು ಸರಿಯಾದ ಕ್ಷಣಕ್ಕೆ ತನ್ನಿ. ಅಡ್ಡ ಚೌಕಟ್ಟಿಗೆ ಮಾಡಿದ ಸ್ಥಾನದ ಚಲನೆಯನ್ನು ಉದ್ದ ಚೌಕಟ್ಟಿಗೆ ಹಾಕಿದರೆ ಅಕ್ಷರಗಳು ಪರದೆಯಾಚೆ ಹೋಗಬಹುದು.